ಗುಂಡಕಲ್ಲು ಮಲಗಿದ ತೊಟ್ಟಿಲು

“ತೊಟ್ಟಿಲು ಬೇಕಾದ್ರ ಒಯ್ಯಿರಿ ಅಕ್ಕಾರ. ಆದ್ರ ಒಳಗಿನ ಗುಂಡು ಮಾತ್ರ ತೆಗೀಬ್ಯಾಡ್ರಿ.”

ಸುರಪುರದ ಬಡಿಗೇರ ಮಲ್ಕಪ್ಪ ಇದನ್ನು ಎರಡನೆಯ ಸಲ ಹೇಳಿದಾಗ ಸುಮಲತಾಗೆ ನಗು ತಡೆಯಲಾಗಲಿಲ್ಲ. ತುಂಬಿದ ಹೊಟ್ಟೆಯನ್ನು ಎಡಗೈಯಿಂದ ಆನಿಸಿಕೊಂಡು, ಬಲಗೈಯಲ್ಲಿ ಕಾಲೇಜಿನ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ ಹಿಡಿದು, ಅವಳು ಅರ್ಧ ಗಂಟೆಯಿಂದ ಆ ತೊಟ್ಟಿಲಿನ ಸರಳುಗಳ ನಡುವಿನ ಸಂದುಗಳನ್ನು ಅಳೆಯುತ್ತಿದ್ದಳು. ಇಪ್ಪತ್ತೆರಡು ಸಂದುಗಳು. ಎಲ್ಲವೂ ಐದು ಪಾಯಿಂಟ್ ಎರಡು ಸೆಂಟಿಮೀಟರ್. ಒಂದರಲ್ಲೂ ಅರ್ಧ ಮಿಲಿಮೀಟರಿನ ಹೆಚ್ಚುಕಮ್ಮಿ ಇರಲಿಲ್ಲ.

“ಇಷ್ಟು ದೊಡ್ಡ ಕಲ್ಲನ್ನ ಮಗು ಪಕ್ಕದಲ್ಲಿ ಮಲಗಿಸೋದಾ? ಉರುಳಿದ್ರೆ?”

“ಉರುಳಂಗಿಲ್ರಿ. ಅದು ನಿದ್ದಿ ಮಾಡಾಕತ್ತದ.”

ಪಕ್ಕದಲ್ಲಿ ನಿಂತಿದ್ದ ಅವಳ ಗಂಡ ಶ್ರೀಮಂತ, ಮಲ್ಕಪ್ಪನ ಹೆಗಲು ತಟ್ಟಿದ. “ಕಾಕಾ, ನಮ್ಮಾಕಿ ಫಿಜಿಕ್ಸ್ ಮೇಡಂ. ಆಕಿ ಮುಂದ ಕಲ್ಲು ನಿದ್ದಿ ಮಾಡ್ತದ ಅಂದ್ರ ನಿಂಗ ಸೊನ್ನಿ ಹಾಕ್ತಾಳ ನೋಡು.”

ಮಲ್ಕಪ್ಪ ನಗಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಷೆಡ್ಡಿನ ತಗಡು ಟಿಕ್ ಟಿಕ್ ಎನ್ನುತ್ತಿತ್ತು. ಸಾಗವಾನಿಯ ಹೊಟ್ಟು, ಹಳೆಯ ಅರಗು, ಇಲಿ ಹಿಕ್ಕೆ, ಎಲ್ಲ ಸೇರಿದ ಒಣ ವಾಸನೆ ಮೂಗಿನೊಳಗೆ ಕೂತಿತ್ತು. ಆ ಒಣ ವಾಸನೆಯ ನಡುವೆ ತೊಟ್ಟಿಲಿನಿಂದ ಮಾತ್ರ ಬೇರೆಯದೇ ಒಂದು ತಣ್ಣನೆಯ ವಾಸನೆ ಬರುತ್ತಿತ್ತು, ಬಾವಿಯ ಒಳಗೋಡೆಯಿಂದ ಬರುವಂಥದು. ಒಳಗೆ ಮಲಗಿದ್ದದ್ದು ಒಂದು ಮೊಳದಷ್ಟು ಉದ್ದದ ಕರಿಯ ಗುಂಡಕಲ್ಲು. ಖಾರ ರುಬ್ಬುವ ಸಾಮಾನ್ಯ ಗುಂಡು. ಅದಕ್ಕೆ ಕೂಸಿನ ತಲೆ-ಬೆನ್ನಿಗೆ ತೊಡಿಸುವ ಕುಂಚಿಗೆ ಹೊದಿಸಿದ್ದರು. ಹಣೆ ಇರಬೇಕಾದ ಕಡೆ ಕಾಡಿಗೆಯ ಬೊಟ್ಟು ಇತ್ತು. ಸುಮಲತಾ ಬೆರಳಿಂದ ಮುಟ್ಟಿ ನೋಡಿದಳು. ಕಾಡಿಗೆ ಹಸಿಯಾಗಿತ್ತು.

“ಇದಕ ಮಾಟ ಆಗ್ಯಾದ ಅಕ್ಕಾರ. ನಮ್ಮ ಅಜ್ಜನ ಕಾಲದಾಗ…”

“ಕತೆ ಬೇಡ, ಮಲ್ಕಪ್ಪನವರೇ,” ಎಂದಳು ಸುಮಲತಾ. “ನನಗೆ ತೊಟ್ಟಿಲು ಬೇಕು.”

ಆ ಮಾತಿನಲ್ಲಿ ದರ್ಪವಿರಲಿಲ್ಲ. ಕೇಳಿದವರಿಗೆ ಅದು ಬೇಡಿಕೊಂಡಂತೆಯೇ ಕೇಳಿಸಿತು. ಶ್ರೀಮಂತ ಮುಖ ತಿರುಗಿಸಿ ಹೊರಗಿನ ಬಿಸಿಲು ನೋಡಿದ.

ತುಮಕೂರು ಕಡೆಯಿಂದ ಶಹಾಪುರದ ಪಿಯು ಕಾಲೇಜಿಗೆ ಭೌತಶಾಸ್ತ್ರ ಕಲಿಸಲು ಬಂದ ಸುಮಲತಾ, ಅಲ್ಲಿಯ ನೀರಾವರಿ ಕಚೇರಿಯ ಗುಮಾಸ್ತ ಶ್ರೀಮಂತನನ್ನು ಮೆಚ್ಚಿ ಮದುವೆಯಾಗಿದ್ದಳು. ಮೊದಲ ಮಗು ಗಂಡು. ಐವತ್ತೊಂದು ದಿನ ಬದುಕಿತ್ತು. ಹೆಸರಿಟ್ಟಿರಲಿಲ್ಲ, ತೊಟ್ಟಿಲಿಗೂ ಹಾಕಿರಲಿಲ್ಲ. ಒಂದು ಮಧ್ಯಾಹ್ನ ಅವಳ ಪಕ್ಕದಲ್ಲೇ, ಮೆತ್ತನೆಯ ಹಾಸಿಗೆಯಲ್ಲಿ, ಅವಳ ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗಿತ್ತು. ಅವಳಿಗೂ ಜೊಂಪು ಹತ್ತಿತು. ಎಚ್ಚರವಾದಾಗ ಹಿಡಿತ ಹಾಗೆಯೇ ಇತ್ತು, ಉಸಿರಿರಲಿಲ್ಲ. ದಿಂಬು ಮುಖಕ್ಕೆ ಒತ್ತಿತೋ, ಅವಳದೇ ತೋಳು ಒತ್ತಿತೋ ಅಥವಾ ಯಾವುದೂ ಅಲ್ಲವೋ, ಯಾರಿಗೂ ಹೇಳಲಾಗಲಿಲ್ಲ. ಕಾರಣ ಗೊತ್ತಾಗದ ಆ ಒಂದು ಸಾವನ್ನು ಅವಳು ಎರಡು ವರ್ಷ ಓದಿದಳು. ಓದಿ ಓದಿ ಕೊನೆಗೆ ಅವಳಿಗೆ ಉಳಿದದ್ದು ಕೆಲವೇ ನಿಯಮಗಳು. ಮಗು ಬೇರೆ ತೊಟ್ಟಿಲಲ್ಲಿ ಮಲಗಬೇಕು. ಅಂಗಾತ ಮಲಗಬೇಕು. ತಳ ಗಟ್ಟಿಯಾಗಿ ಸಮತಟ್ಟಾಗಿರಬೇಕು. ಸರಳುಗಳ ಸಂದಿನಲ್ಲಿ ತಲೆ ಸಿಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ತೊಟ್ಟಿಲಲ್ಲಿ ಮಗುವಿನ ಹೊರತು ಬೇರೇನೂ ಇರಬಾರದು. ದಿಂಬಾಗಲಿ ಬೊಂಬೆಯಾಗಲಿ ಬೇಡ.

ಯಾದಗಿರಿಯಿಂದ ಶಹಾಪುರದವರೆಗೆ ಅವಳು ನೋಡದ ಅಂಗಡಿ ಉಳಿದಿರಲಿಲ್ಲ. ಒಂದರ ಸಂದು ಏಳೂವರೆ ಸೆಂಟಿಮೀಟರ್. ಇನ್ನೊಂದರ ಬಲೆ ಒತ್ತಿದರೆ ಚೀಲದಂತೆ ಜೋಲುತ್ತಿತ್ತು. ಬಣ್ಣ ಬಳಿದದ್ದನ್ನು ಉಗುರಿನಿಂದ ಕೆರೆದರೆ ಚಕ್ಕೆ ಏಳುತ್ತಿತ್ತು. ಅತ್ತೆ ಅಮೃತಮ್ಮ ಸೀರೆಯ ಜೋಳಿಗೆ ಕಟ್ಟುತ್ತೇನೆಂದಾಗ, ಜೋಳಿಗೆಯಲ್ಲಿ ಮಗುವಿನ ಗದ್ದ ಎದೆಗೆ ಒತ್ತಿ ಉಸಿರು ಕಟ್ಟಬಹುದೆಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ್ದಳು. “ಹಂಗಾರ ನಿನ್ನ ಗಂಡ ಹ್ಯಾಂಗ ಬದುಕಿದಾ?” ಎಂದಿದ್ದರು ಅಮೃತಮ್ಮ. ಸತ್ತ ಕೂಸುಗಳ ಲೆಕ್ಕ ಮಾತ್ರ ಸುಮಲತಾಳ ತಲೆಯಲ್ಲಿತ್ತು.

ಈ ತೊಟ್ಟಿಲು ಮಾತ್ರ ಎಲ್ಲ ಪರೀಕ್ಷೆಯಲ್ಲೂ ಗೆದ್ದಿತ್ತು. ತಳ ಒಂದೇ ಹಲಗೆ. ಮೊಳೆಯಿಲ್ಲ, ಬಣ್ಣವಿಲ್ಲ. ತೂಗದಂತೆ ನಿಲ್ಲಿಸಲು ಪಕ್ಕದಲ್ಲಿ ಒಂದು ಮರದ ಗೂಟವೂ ಇತ್ತು.

ಮಲ್ಕಪ್ಪ ಬಹಳ ಹೊತ್ತು ಅವಳ ಹೊಟ್ಟೆಯನ್ನೇ ನೋಡಿದ. ಆಮೇಲೆ ತೊಟ್ಟಿಲನ್ನು ನೋಡಿದ. ಅವನ ಮುಖದಲ್ಲಿ ದಣಿವಿನಂಥದೇನೋ ಹಾದು ಹೋಯಿತು.

“ಹೇಳೂದು ಹೇಳೀನಿ,” ಎಂದು ಪಕ್ಕಕ್ಕೆ ಸರಿದು ದಾರಿಬಿಟ್ಟ.

*

ಹೆಣ್ಣು ಮಗು ಹುಟ್ಟಿತು. ಬಿಸಿಲು ಕೆಂಡವಾಗಿದ್ದ ದಿನಗಳು. ಹನ್ನೆರಡನೆಯ ದಿನ ಅಮೃತಮ್ಮ ಅಡುಗೆಮನೆಯಲ್ಲಿದ್ದಾಗ, ಶ್ರೀಮಂತ ಕಚೇರಿಯಲ್ಲಿದ್ದಾಗ, ಸುಮಲತಾ ತೊಟ್ಟಿಲಿನ ಮುಂದೆ ನಿಂತಳು.

ತೊಟ್ಟಿಲಿಗೆ ಹಾಕುವ ದಿನ ಮೊದಲು ಗುಂಡಕಲ್ಲು ಮಲಗಿಸುವುದು, ಹಾಡಿ ತೂಗುವುದು, ಆಮೇಲೆ ಅದನ್ನು ತೆಗೆದು ಕೂಸನ್ನು ಮಲಗಿಸುವುದು ಈ ಸೀಮೆಯ ಮನೆಮನೆಯ ಪದ್ಧತಿ. ಎಲ್ಲರೂ ತೆಗೆಯುವ ಕಲ್ಲನ್ನು ತಾನು ತೆಗೆದರೆ ತಪ್ಪೇನು? ಕಲ್ಲನ್ನು ಎಡ ತೋಳಿನ ಮೇಲೆ ಮಗುವಿನಂತೆಯೇ ಎತ್ತಿಕೊಂಡಳು. ಅದು ತೊಟ್ಟಿಲು ಬಿಟ್ಟ ಕ್ಷಣ ಮರ ನಿಡಿದಾಗಿ ಕಿರ್‍ರೆಂದಿತು, ಬಹಳ ಕಾಲ ಕಟ್ಟಿಕೊಂಡಿದ್ದ ಆಕಳಿಕೆಯಂತೆ. ಭಾರ ತಪ್ಪಿದರೆ ಹಲಗೆ ಸದ್ದು ಮಾಡುವುದು ಸಹಜ ಎಂದುಕೊಂಡಳು.

ಮಗುವಿಗೆಂದು ತರಿಸಿದ್ದ ಹೊಸ ತೂಕದ ಯಂತ್ರವನ್ನು ಪರೀಕ್ಷಿಸಲು ಮೊದಲು ಕಲ್ಲನ್ನೇ ಅದರ ಮೇಲಿಟ್ಟಳು. ಒಂಬತ್ತು ಪಾಯಿಂಟ್ ಎರಡು ಕಿಲೋ. ಆಮೇಲೆ ಮಗು. ಮೂರು ಪಾಯಿಂಟ್ ಒಂದು. ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದಳು. ಕಲ್ಲನ್ನು ಹಿತ್ತಲಿನ ಬಟ್ಟೆ ಒಗೆಯುವ ಬಂಡೆಯ ಪಕ್ಕ ಇಟ್ಟು, ಕುಂಚಿಗೆಯನ್ನು ಕೊಳೆಬಟ್ಟೆಗೆ ಎಸೆದು, ತೊಟ್ಟಿಲನ್ನು ಬಿಸಿನೀರಲ್ಲಿ ಒರೆಸಿ ಒಣಗಿಸಿ, ಗೂಟ ಬಿಗಿದು, ಮಗುವನ್ನು ಅಂಗಾತ ಮಲಗಿಸಿದಳು.

ಅಮೃತಮ್ಮ ಬಾಗಿಲಲ್ಲಿ ನಿಂತು ನೋಡಿದರು. “ಗುಂಡ ಎಲ್ಲೆದ?”

“ಹಿತ್ತಲಲ್ಲಿ, ಅತ್ತೆ.”

“ಹಾಕಿದ್ದು ಯಾರು?”

“ನಾನೇ.”

ಅಮೃತಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಸುಮಲತಾಗೆ ಆಮೇಲೆ ಅನಿಸಿತು.

ಮಗು ಚೆನ್ನಾಗಿ ಮಲಗಿತು. ಮರುದಿನವೂ ಮಲಗಿತು. ಹಾಲಿಗೆ ಅಳುವುದು ಕಡಿಮೆಯಾಯಿತು. ತೊಟ್ಟಿಲಿಗೆ ಹಾಕಿದ ನಾಲ್ಕನೆಯ ದಿನ ತೂಕ ಮೂರು ಪಾಯಿಂಟ್ ಎಂಟು. ಸುಮಲತಾ ಖುಷಿಯಿಂದ ನೋಟ್‌ಬುಕ್ಕಿನಲ್ಲಿ ಬರೆದು, ಬರೆದ ಮೇಲೆ ಲೆಕ್ಕ ಹಾಕಿದಳು. ದಿನಕ್ಕೆ ಮೂವತ್ತು ಗ್ರಾಂ ಏರಿದರೆ ಸರಿ. ಇದು ನೂರಾರು ಗ್ರಾಂ ಏರಿತ್ತು. ಕಾಲೇಜಿನಿಂದ ಹಿತ್ತಾಳೆಯ ತೂಕದ ಬಟ್ಟುಗಳನ್ನು ತರಿಸಿ ಯಂತ್ರದ ಮೇಲಿಟ್ಟಳು. ಯಂತ್ರ ಸುಳ್ಳು ಹೇಳುತ್ತಿರಲಿಲ್ಲ.

ಆರನೆಯ ದಿನ ಐದು. ಎಂಟನೆಯ ದಿನ ಆರೂವರೆ. ಮಗು ನೋಡಲು ಅಷ್ಟೇ ಇತ್ತು. ಅದೇ ಕಡ್ಡಿಯಂಥ ಕಾಲು, ಅದೇ ಹಳೆಯ ಅಂಗಿ ಸಡಿಲವಾಗಿ. ಎತ್ತಿದರೆ ಮಾತ್ರ ಮಣಿಕಟ್ಟು ನೋಯುತ್ತಿತ್ತು. ಹೊರಗೆ ನಲವತ್ತಮೂರು ಡಿಗ್ರಿ ಬಿಸಿಲಿದ್ದರೂ ಮಗುವಿನ ಅಂಗಾಲು ತಣ್ಣಗಿರುತ್ತಿತ್ತು. ನೆತ್ತಿಯನ್ನು ಮೂಸಿದರೆ ಹಾಲಿನ ವಾಸನೆ ಇರಲಿಲ್ಲ. ಬಾವಿಯ ಒಳಗೋಡೆಯ ವಾಸನೆ ಇತ್ತು. ಕಾಲು ಆಡಿಸಿದಾಗ ಹಿಮ್ಮಡಿ ಹಲಗೆಗೆ ತಾಗಿ ಟಕ್ ಎನ್ನುತ್ತಿತ್ತು.

ಟಕ್. ಮಾಂಸದಿಂದ ಅಂಥ ಸದ್ದು ಬರುವುದಿಲ್ಲ.

ಯಾದಗಿರಿಯ ಮಕ್ಕಳ ಡಾಕ್ಟರು ತಮ್ಮ ಯಂತ್ರದಲ್ಲೂ ತೂಗಿದರು. ಎರಡನೆಯ ಸಲ ತೂಗಿದರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಾಗ ಅದರಲ್ಲಿ ಮಗುವಿನ ಆಕಾರವಿತ್ತು, ಒಳಗೆ ಎಲುಬುಗಳಿರಲಿಲ್ಲ. ಅಂಚಿನಿಂದ ಅಂಚಿಗೆ ಒಂದೇ ಬಿಳುಪು. ಫಿಲ್ಮ್ ಕೆಟ್ಟಿದೆ ಎಂದರು, ಕಲಬುರಗಿಗೆ ಹೋಗಿ ಎಂದರು. ಹೇಳುವಾಗ ಮಗುವಿನ ಕಡೆ ನೋಡಲಿಲ್ಲ.

“ನಾಳೆ ಮುಂಜಾನೆ ಗಾಡಿ ಮಾಡ್ತೀನಿ,” ಎಂದ ಶ್ರೀಮಂತ. ಬಂದದ್ದು ಗಾಡಿಯಲ್ಲ, ಗಾಡಿಯವನ ಫೋನು. ಟೈರು ಒಡೆದಿತ್ತು. ಮಾರನೆಯ ದಿನ ಇನ್ನೊಂದು ಗಾಡಿ ಬಾಗಿಲವರೆಗೆ ಬಂದು ನಿಂತು ಮತ್ತೆ ಹೊರಡಲೇ ಇಲ್ಲ. ಹತ್ತನೆಯ ದಿನ ಮಗುವಿನ ಬೆನ್ನ ಮೇಲೆ ನೀಲಿ ಗುರುತುಗಳು ಎದ್ದಿದ್ದವು. ಉದ್ದುದ್ದ, ಸಾಲಾಗಿ, ಏನೋ ಉಜ್ಜಿದ ಹಾಗೆ. ಮನೆಯಲ್ಲಿ ಮುಟ್ಟಿದವರು ಮೂವರೇ. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು.

ಹನ್ನೊಂದನೆಯ ದಿನ ಮಧ್ಯಾಹ್ನ ಪಕ್ಕದ ಮನೆಯ ಕಹಕಶಾ ಹಿತ್ತಲ ಬಾಗಿಲಿಂದ ಬಂದಳು. ಎರಡೂ ಕೈಯಲ್ಲಿ ಗುಂಡಕಲ್ಲು.

“ಮೇಡಂ, ಮಾಫ್ ಮಾಡ್ರಿ. ಕರೆಂಟ್ ಇದ್ದಿಲ್ಲ, ಮಿಕ್ಸಿ ಬಂದ್. ಮೊನ್ನಿ ಖಾರ ರುಬ್ಬಾಕಂತ ಇದನ್ನ ಒಯ್ದಿದ್ದೆ. ಅಮೃತಮ್ಮಾರಿಗೆ ಹೇಳೀನಿ ಅನ್ಕೊಂಡೆ, ಮರೆತೀನಿ.” ಅವಳು ಕಲ್ಲನ್ನು ಬೇಗನೆ ಕೆಳಗಿಟ್ಟು ಅಂಗೈಗಳನ್ನು ದುಪಟ್ಟಾಕ್ಕೆ ಒರೆಸಿಕೊಂಡಳು. “ಒಂದ ಮಾತು ಕೇಳಲೇನ್ರಿ? ಇದು ಒಳಗ ಪೊಳ್ಳ ಅದ ಏನು? ಒಯ್ಯೂವಾಗನ ಹಗುರಿತ್ತು, ಈಗ ಇನ್ನೂ ಹಗುರ ಆಗ್ಯಾದ. ರುಬ್ಬಿದ್ರ…”

“ರುಬ್ಬಿದ್ರೆ?”

“ಸಪ್ಪಳ ಬರ್ತದ್ರಿ. ಅಳದಂಗ. ಯಾ ಅಲ್ಲಾಹ್, ನಾ ಮುಂದ ರುಬ್ಬಲಿಲ್ಲ. ಇಟ್ಟ ಕಡಿ ಇರುವಿ ಸಾಲು ಹತ್ಯಾವ. ಹಾಲಿನ ವಾಸನಿ ಬರ್ತದ.”

ಸುಮಲತಾ ಕಲ್ಲನ್ನು ಮುಟ್ಟಿದಳು.

ಅದು ಬೆಚ್ಚಗಿತ್ತು. ಬಿಸಿಲಿಗೆ ಕಾದ ಕಲ್ಲಿನ ಸುಡುವ ಬಿಸಿಯಲ್ಲ. ಸ್ನಾನ ಮಾಡಿಸಿ ಒರೆಸಿದ ಮಗುವಿನ ಬಿಸಿ.

ಯಂತ್ರದ ಮೇಲಿಟ್ಟಳು. ಮೂರು ಪಾಯಿಂಟ್ ಆರು. ಮಗುವನ್ನು ತೂಗಿದಳು. ಎಂಟು ಪಾಯಿಂಟ್ ಏಳು. ನೋಟ್‌ಬುಕ್ಕಿನ ಮೊದಲ ಸಾಲಿಗೆ ಹೋದಳು. ಒಂಬತ್ತು ಪಾಯಿಂಟ್ ಎರಡು, ಮೂರು ಪಾಯಿಂಟ್ ಒಂದು. ಕೂಡಿದರೆ ಹನ್ನೆರಡು ಪಾಯಿಂಟ್ ಮೂರು. ಇಂದಿನ ಎರಡನ್ನು ಕೂಡಿದಳು. ಹನ್ನೆರಡು ಪಾಯಿಂಟ್ ಮೂರು. ಮತ್ತೊಮ್ಮೆ ಕೂಡಿದಳು. ಏನೂ ಹೊಸದಾಗಿ ಹುಟ್ಟುವುದಿಲ್ಲ, ಏನೂ ಇಲ್ಲವಾಗುವುದಿಲ್ಲ ಎಂದು ಅವಳು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಹೇಳುತ್ತಿದ್ದಳು. ಮಗು ಹನ್ನೊಂದು ದಿನಗಳಿಂದ ಒಂದು ಗ್ರಾಂ ಕೂಡ ಬೆಳೆದಿರಲಿಲ್ಲ. ಕಲ್ಲು ಕಳೆದುಕೊಂಡದ್ದೆಲ್ಲ ಮಗುವಿಗೆ ಬಂದಿತ್ತು. ಮಗು ಕಳೆದುಕೊಂಡದ್ದೆಲ್ಲ ಹಿತ್ತಲಲ್ಲಿ, ಬಿಸಿಲಲ್ಲಿ, ಇರುವೆಗಳ ನಡುವೆ ಬಿದ್ದಿತ್ತು. ಅದರಿಂದ ಖಾರ ರುಬ್ಬಿದ್ದರು.

ಗೆರೆ ಎಳೆದು ನೋಡಿದಳು. ಈ ವೇಗದಲ್ಲಿ ಹೋದರೆ ನಾಳೆ ಮಧ್ಯಾಹ್ನದೊಳಗೆ ಮಗು ಒಂಬತ್ತು ಪಾಯಿಂಟ್ ಎರಡು, ಪೂರ್ತಿ ಕಲ್ಲು.

*

ಶ್ರೀಮಂತ ಕಚೇರಿಯಿಂದ ಓಡಿ ಬಂದು ಸುರಪುರಕ್ಕೆ ಫೋನು ಹಚ್ಚಿದ. ಸುಮಲತಾ ಅವನ ಕೈಯಿಂದ ಕಸಿದುಕೊಂಡಳು.

ಆ ಕಡೆಯಿಂದ ಮಲ್ಕಪ್ಪ ಹಲೋ ಎನ್ನಲೂ ಇಲ್ಲ. “ತೆಗದ್ರೇನು?” ಎಂದ.

“ತೆಗೆದೆ. ಹನ್ನೊಂದು ದಿನ ಆಯ್ತು.”

“ಆವತ್ತು ಕತಿ ಬ್ಯಾಡ ಅಂದ್ರಿ. ಈಗ ಕೇಳ್ರಿ. ಆ ತೊಟ್ಟಿಲಾ ಇದ್ದ ಮನ್ಯಾಗ ಇಬ್ಬರು ನೆಗೇಣ್ಯಾರು, ಅಣ್ತಮ್ಮರ ಹೆಂಡ್ರು. ಒಬ್ಬಾಕಿ ಕೂಸು ಸತ್ತಿತ್ತು. ಇನ್ನೊಬ್ಬಾಕಿ ಆಕಿ ಮುಂದ ಖಾಲಿ ತೊಟ್ಟಿಲಾ ತೂಗಿ ನಕ್ಕಳಂತ. ಕೂಸು ಕಳಕೊಂಡಾಕಿ ಮಾಟದವನ ಕಡಿ ಹೋಗಿ ಒಂದ ಮಾತು ಕೇಳಿದಳು. ಈ ತೊಟ್ಟಿಲಾ ಎಂದೂ ಖಾಲಿ ಇರಬಾರದು, ಇದರಾಗ ಮಲಗಿದ್ದು ಏಳಬಾರದು, ಅಂತ. ಆ ಮನ್ಯಾಗ ಮೂರು ಕೂಸು ಏಳಲಿಲ್ರಿ. ಕಡೀಕ ಯಾರೋ ಹಿರ್ಯಾರು ಗುಂಡ ಮಲಗಿಸಿ, ಇದ ಕೂಸು ಅಂತ ನಂಬಿಸಿದ್ರು. ನಂಬಿ ತೊಟ್ಟಿಲಾ ಸುಮ್ನಾಗಿತ್ತು.”

“ಸುಟ್ಟು ಹಾಕಬಹುದಿತ್ತಲ್ಲ!”

“ಸುಟ್ಟರ ಒಳಗ ಮಲಗಿದ್ದೂ ಸುಡ್ತದ. ಖಾಲಿ ಬಿಟ್ಟರ ತಾನ ಹುಡುಕ್ತದ. ಈಗ ಅದರಾಗ ಯಾರ ಮಲಗ್ಯಾರ?”

ಸುಮಲತಾ ತೊಟ್ಟಿಲ ಕಡೆ ನೋಡಿದಳು. ಸೆಕೆಗೆ ಕಿಟಕಿ ಮುಚ್ಚಿ, ಒದ್ದೆ ಚಾದರ ಇಳಿಬಿಟ್ಟ ಕೋಣೆ ನಡುಹಗಲಲ್ಲೇ ಗವಿಯಾಗಿತ್ತು. ಸರಳುಗಳ ಹಿಂದೆ ಮಗುವಿನ ಕಣ್ಣು ತೆರೆದಿದ್ದವು. ರೆಪ್ಪೆ ಮಿಟುಕುತ್ತಿರಲಿಲ್ಲ.

“ಗೊತ್ತಿದ್ದೂ ಯಾಕೆ ಕೊಟ್ರಿ?”

“ನಲವತ್ತು ವರ್ಷ ದಿನಾ ಎದ್ದು ಅದಕ ಕಾಡಿಗಿ ಹಚ್ಚೀನಿ. ಮಾತಾಡ್ಸೀನಿ. ಒಂದ ಊರಿಗಿ ಹೋಗಿಲ್ಲ. ನೀವು ಹೇಳಿದ್ರೂ ಕೇಳೂ ಪೈಕಿ ಅಲ್ಲ ಅಂತ ನಂಗ ಗೊತ್ತಾಗಿತ್ತು. ಸಾಕಾಗಿತ್ತವ್ವ ನಂಗ.”

ಅವಳಿಗೆ ಬೈಯಲು ಹೊತ್ತಿರಲಿಲ್ಲ. “ಈಗೇನು ಮಾಡ್ಲಿ? ಹೇಳಿ. ಕಾಲಿಗೆ ಬೀಳ್ತೀನಿ, ಹೇಳಿ.”

“ಗುಂಡ ಒಳಗ ಇಡ್ರಿ. ಕೂಸಿನ ಬಾಜೂಕ. ಹನ್ನೊಂದು ದಿನ ಹೊರಗ ಇಟ್ಟೀರಿ, ಹನ್ನೊಂದು ದಿನ ಎರಡೂ ಕೂಡಿ ಮಲಗಬೇಕು. ಕೂಸಿನ ಎತ್ತಬ್ಯಾಡ್ರಿ, ಹಾಲು ಬಗ್ಗಿ ಕುಡಸ್ರಿ. ಕಲ್ಲಿಗಿ ಭಾರ ತಿರುಗಿ ಬಂದಂಗ ಬಂದಂಗ ಅದು ಕೂಸಿನ ಕಡಿ ಸರೀತದ. ನಡುವ ಕೈ ಇಡ್ರಿ. ಗುಂಡ ತೆಗೆದ ಕೈ. ಬ್ಯಾರೆಯವರದು ನಡಿಯಂಗಿಲ್ಲ.”

“ಆ ಕೈಗೆ ಏನಾಗುತ್ತೆ?”

ಮಲ್ಕಪ್ಪ ಫೋನು ಇಟ್ಟಿದ್ದ.

ತೊಟ್ಟಿಲಲ್ಲಿ ಮಗುವಿನ ಹೊರತು ಬೇರೇನೂ ಇರಬಾರದು. ಎರಡು ವರ್ಷ ಜಪಿಸಿದ ನಿಯಮ. ಅದನ್ನೇ ಮುರಿಯಬೇಕಿತ್ತು. ದಿಂಬಿನಿಂದಲ್ಲ, ಬೊಂಬೆಯಿಂದಲ್ಲ, ದಿನದಿನಕ್ಕೆ ಭಾರವಾಗುವ ಕಲ್ಲಿನಿಂದ.

ಶ್ರೀಮಂತ ಅವಳ ತೋಳು ಹಿಡಿದ. “ಸುಮಾ, ಮುದುಕ ಸುಳ್ಳ ಹೇಳಿದ್ರ? ಕಲ್ಲು ಕೂಸಿನ ಮ್ಯಾಲ ಬಿದ್ರ?”

“ಉಸಿರು ಎಣಿಸಿ,” ಎಂದಳು.

ಅವನು ತೊಟ್ಟಿಲಿಗೆ ಬಾಗಿದ. ಗಡಿಯಾರ ನೋಡಿದ. ಒಂದು ನಿಮಿಷಕ್ಕೆ ನಾಲ್ಕು. ಅವನು ತೋಳು ಬಿಟ್ಟ.

ಸುಮಲತಾ ಕಲ್ಲನ್ನು ಎಡ ತೋಳಿಗೆ ಎತ್ತಿಕೊಂಡಳು. ಅದು ಅವಳ ಎದೆಗೆ ತಿರುಗಿತು. ಹುಡುಕಿತು. ರವಿಕೆ ಒದ್ದೆಯಾಯಿತು. ಹಾಲು ತಾನಾಗಿಯೇ ಇಳಿಯುತ್ತಿತ್ತು. ಕಿರುಚಬಾರದು. ನಡೆದಳು. ಏಳು ಹೆಜ್ಜೆ. ತೊಟ್ಟಿಲು ಗೂಟದ ಮೇಲೆ ನಡುಗುತ್ತಿತ್ತು. ಯಾರೂ ಮುಟ್ಟಿರಲಿಲ್ಲ. ಅಮೃತಮ್ಮ ಕುಂಚಿಗೆ ಹಿಡಿದು ನಿಂತಿದ್ದರು. ಕೊಳೆಬಟ್ಟೆಯಿಂದ ತೆಗೆದು, ಒಗೆದು, ಮಡಿಸಿ ಇಟ್ಟಿದ್ದರು. ಕಲ್ಲಿಗೆ ತೊಡಿಸಿದರು. ದಾರ ಕಟ್ಟಿದರು. ಕಲ್ಲನ್ನು ಇಳಿಸಿದಳು. ಹಲಗೆ ಕಿರ್‍ರೆಂದಿತು. ಎಡಗೈಯನ್ನು ಕಲ್ಲಿಗೂ ಮಗುವಿಗೂ ನಡುವೆ ತೂರಿಸಿದಳು. ಒಂದು ಕಡೆ ಬೆಚ್ಚಗೆ. ಒಂದು ಕಡೆ ತಣ್ಣಗೆ. ಯಾವುದು ಮಗು, ಯಾವುದು ಕಲ್ಲು, ಕಣ್ಣು ಮುಚ್ಚಿದರೆ ಹೇಳಲಾಗುತ್ತಿರಲಿಲ್ಲ.

ಅವಳು ಕಣ್ಣು ಮುಚ್ಚಲಿಲ್ಲ.

*

ಹನ್ನೊಂದು ದಿನ ಅವಳು ಆ ತೊಟ್ಟಿಲಿನ ಪಕ್ಕದಿಂದ ಕದಲಲಿಲ್ಲ. ಸೀರೆಯ ಅಂಚಿನಿಂದ ಎಡ ತೋಳನ್ನು ಸರಳಿಗೆ ಕಟ್ಟಿಸಿಕೊಂಡಳು, ಜೊಂಪು ಹತ್ತಿದರೂ ಕೈ ಜಾರದಂತೆ. ಅಮೃತಮ್ಮ ತುತ್ತು ಮಾಡಿ ಬಾಯಿಗಿಟ್ಟರು. ಯಾದಗಿರಿ ಹತ್ತಿರದ ಅಬ್ಬೆತುಮಕೂರಿನ ಮಠದಿಂದ ವಿಭೂತಿ ತಂದು ಹಚ್ಚಿದರು, ಸುಮಲತಾ ಬೇಡವೆನ್ನಲಿಲ್ಲ. ಕಿಟಕಿಯ ಚಾದರ ಗಾಳಿಗೆ ಸರಿದಾಗ ದೂರದ ಗುಡ್ಡ ಕಾಣುತ್ತಿತ್ತು. ಅಂಗಾತ ಮಲಗಿದ ಬುದ್ಧನಂತೆ ಕಾಣುವ ಬಂಡೆಗಳ ಗುಡ್ಡ. ಶಹಾಪುರಕ್ಕೆ ಬಂದ ಮೊದಲ ವಾರ ಅವಳು ಅದನ್ನು ನೋಡಿ, ಕಲ್ಲಿಗೂ ಎಂಥ ನೆಮ್ಮದಿಯ ನಿದ್ದೆ ಎಂದು ಶ್ರೀಮಂತನಿಗೆ ಹೇಳಿದ್ದಳು. ಈಗ ಆ ಕಡೆ ನೋಡಲಾಗುತ್ತಿರಲಿಲ್ಲ.

ಮೊದಲ ಮೂರು ದಿನ ಕಲ್ಲು ಸುಮ್ಮನಿತ್ತು. ನಾಲ್ಕನೆಯ ದಿನ ಅದು ಒತ್ತತೊಡಗಿತು. ಸಮತಟ್ಟಾದ ಹಲಗೆಯ ಮೇಲೆ, ಯಾವ ಇಳಿಜಾರೂ ಇಲ್ಲದೆ, ಒಂದೊಂದೇ ಕೂದಲೆಳೆಯಷ್ಟು ಮಗುವಿನ ಕಡೆಗೆ. ಏಳನೆಯ ದಿನ ಬೆರಳ ಗೆಣ್ಣುಗಳು ಸಿಡಿಯುವಂತೆ ನೋಯುತ್ತಿದ್ದವು. ಶ್ರೀಮಂತ ತಡೆಯಲಾರದೆ ತನ್ನ ಕೈಯನ್ನೂ ತೂರಿಸಿದ. ಕಲ್ಲು ಒಮ್ಮೆಗೇ ನಾಲ್ಕು ಬೆರಳಗಲ ಮಗುವಿನ ಕಡೆ ಜಿಗಿಯಿತು. ಅವನು ಅಳುತ್ತ ಕೈ ತೆಗೆದ.

ಎಂಟನೆಯ ದಿನ ನೋವು ನಿಂತಿತು. ನೋವು ನಿಂತಾಗ ಅವಳಿಗೆ ಮೊದಲ ಸಲ ನಿಜವಾದ ಹೆದರಿಕೆಯಾಯಿತು. ಬೆರಳು ಮಡಚಲು ನೋಡಿದಳು. ಬೆರಳು ಯಾರದೋ ಆಗಿತ್ತು.

“ತೆಗೀ ಸುಮಾ,” ಎಂದರು ಅಮೃತಮ್ಮ. “ಕೈ ಹೋಗ್ತದ.”

“ಇನ್ನು ಮೂರು ದಿನ, ಅತ್ತೆ.”

“ಯವ್ವಾ, ನೀನೂ ಒಬ್ಬರ ಕೂಸ ಅಲ್ಲೇನ?”

ಅಷ್ಟರಲ್ಲಿ ಮಗುವಿನ ಹಿಮ್ಮಡಿ ಹಲಗೆಗೆ ತಾಗಿತು. ಮೆತ್ತಗೆ. ಟಕ್ ಎನ್ನಲಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ ಮಗು ಅತ್ತಿತು. ಬಾಯಿ ತುಂಬ, ಹೊಟ್ಟೆ ತುಂಬ, ಇಡೀ ಓಣಿಗೆ ಕೇಳುವಂತೆ. ಪಕ್ಕದ ಮನೆಯಿಂದ ಕಹಕಶಾ “ಅಲ್‌ಹಮ್ದುಲಿಲ್ಲಾಹ್” ಎಂದದ್ದು ಗೋಡೆಯಾಚೆಯಿಂದ ಕೇಳಿಸಿತು. ಶ್ರೀಮಂತ ಮಗುವನ್ನು ಎತ್ತಿದ. ಎತ್ತಿದ ರಭಸಕ್ಕೆ ಅವನ ಕೈ ಮೇಲಕ್ಕೆ ಹಾರಿತು, ಅಷ್ಟು ಹಗುರ. ಮೂರು ಪಾಯಿಂಟ್ ಒಂದು. ನೆತ್ತಿಯಲ್ಲಿ ಹಾಲಿನ ವಾಸನೆ.

ಸುಮಲತಾ ಕಲ್ಲನ್ನು ಎತ್ತಿಸಲಿಲ್ಲ. ತೊಟ್ಟಿಲಿನ ಕಾಲುಗಳ ಕೆಳಗೆ ಒಂದೊಂದಾಗಿ ಯಂತ್ರವಿಡಿಸಿ ತೂಗಿ, ಮೊದಲೇ ಬರೆದಿಟ್ಟಿದ್ದ ಖಾಲಿ ತೊಟ್ಟಿಲಿನ ತೂಕ ಕಳೆದು ನೋಡಿದಳು. ಒಂಬತ್ತು. ಒಂಬತ್ತು ಪಾಯಿಂಟ್ ಎರಡಲ್ಲ. ಇನ್ನೂರು ಗ್ರಾಂ ಕಡಿಮೆ.

ಅದು ಎಲ್ಲಿದೆಯೆಂದು ಹುಡುಕಬೇಕಾಗಲಿಲ್ಲ. ಎಡಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿತ್ತು, ತಣ್ಣಗೆ, ಬೂದು ಬಣ್ಣಕ್ಕೆ ತಿರುಗಿ. ಸೂಜಿ ಚುಚ್ಚಿದರೂ ನೋವೆನಿಸಲಿಲ್ಲ. ಕಲ್ಲಿನ ಒಂದು ಬದಿಯಲ್ಲಿ ಮಾತ್ರ ಅಂಗೈಯಷ್ಟು ಜಾಗ ಬೆಚ್ಚಗೆ ಉಳಿದಿತ್ತು.

*

ಮೊದಲ ಮಳೆ ಬಿದ್ದ ಮೇಲೆ ಮಗುವಿಗೆ ಹೆಸರಿಟ್ಟರು. ಶಿವರಂಜನಿ. ನೆಲದ ಮೇಲೆ ಗಟ್ಟಿಯಾದ ತೆಳು ಹಾಸಿಗೆ ಹಾಸಿ ಅಲ್ಲೇ ಮಲಗಿಸುತ್ತಾರೆ, ಅಂಗಾತ, ಸುತ್ತ ಏನೂ ಇಲ್ಲದೆ. ಮಗು ದಿನಕ್ಕೆ ಮೂವತ್ತು ಗ್ರಾಂ ಏರುತ್ತಿದೆ. ತೊಟ್ಟಿಲು ಕೋಣೆಯ ಇನ್ನೊಂದು ಮೂಲೆಯಲ್ಲಿದೆ. ದಿನಾ ಮುಂಜಾನೆ ಸುಮಲತಾ ಎದ್ದು ಕಲ್ಲಿಗೆ ಕಾಡಿಗೆ ಹಚ್ಚುತ್ತಾಳೆ. ತುಮಕೂರಿಗೆ ವರ್ಗ ಕೇಳಿ ಬರೆದಿದ್ದ ಅರ್ಜಿಯನ್ನು ಅವಳೇ ಹಿಂದಕ್ಕೆ ಪಡೆದಳು. ಮಲ್ಕಪ್ಪ ಊರೂರು ತಿರುಗಾಡುತ್ತಿದ್ದಾನಂತೆ, ಯಾದಗಿರಿ ಬಸ್ ನಿಲ್ದಾಣದಲ್ಲಿ ಯಾರೋ ಕಂಡರಂತೆ. ಬಹಳ ನಗುತ್ತಿದ್ದನಂತೆ.

ಕೈಯ ವಿಷಯ ಒಂದನ್ನು ಮಾತ್ರ ಅವಳು ಯಾರಿಗೂ ಹೇಳಿಲ್ಲ. ಎಡಗೈಗೆ ತನ್ನ ಸುತ್ತಲಿನದು ಏನೂ ತಿಳಿಯುವುದಿಲ್ಲ ನಿಜ. ಆದರೆ ತರಗತಿಯಲ್ಲಿ ಪಾಠ ಮಾಡುತ್ತ ನಿಂತಾಗ, ಮನೆಯಲ್ಲಿ ಅಮೃತಮ್ಮ ತೊಟ್ಟಿಲ ಕುಂಚಿಗೆ ಸರಿಪಡಿಸಿದರೆ, ಆ ಬಟ್ಟೆಯ ಮೆದುತನ ಅವಳ ಎಡ ಅಂಗೈಗೆ ತಿಳಿಯುತ್ತದೆ. ಕೈಯ ಸ್ಪರ್ಶ ಕಲ್ಲಿನಲ್ಲಿ ಉಳಿದುಬಿಟ್ಟಿದೆ. ಇದಕ್ಕೂ ಒಂದು ನೋಟ್‌ಬುಕ್ಕು ಇಟ್ಟಿದ್ದಾಳೆ.

ಈವತ್ತು ಮಧ್ಯಾಹ್ನ ಅಮೃತಮ್ಮ ಕಹಕಶಾಳ ಮನೆಯಲ್ಲಿದ್ದರು. ಶ್ರೀಮಂತ ಕಚೇರಿಯಲ್ಲಿದ್ದ. ಶಿವರಂಜನಿ ಸುಮಲತಾಳ ಬಲಗಡೆ ಮಲಗಿದ್ದಳು, ಎರಡೂ ಮುಷ್ಟಿ ಕಿವಿಯ ಪಕ್ಕ ಇಟ್ಟುಕೊಂಡು. ಸತ್ತ ಕೈ ಅವಳ ಮಡಿಲಲ್ಲಿತ್ತು. ಕೋಣೆಯಲ್ಲಿ ಒದ್ದೆ ಮಣ್ಣಿನ ವಾಸನೆ.

ಯಾರೋ ಅವಳ ಎಡಗೈಯ ತೋರುಬೆರಳನ್ನು ಹಿಡಿದರು.

ಮಡಿಲು ನೋಡಿದಳು. ಯಾರೂ ಇಲ್ಲ. ಬೆರಳು ಬೂದಾಗಿ ಬಿದ್ದಿತ್ತು. ಹಿಡಿತ ಮಾತ್ರ ಇತ್ತು. ಐದು ಬೆರಳು. ಪುಟ್ಟವು. ಹೆಬ್ಬೆರಳನ್ನು ಒಳಕ್ಕೆ ಮಡಚಿ ಮುಷ್ಟಿ ಕಟ್ಟುವ ರೀತಿ. ಆ ರೀತಿ ಅವಳಿಗೆ ಗೊತ್ತಿತ್ತು. ಐವತ್ತೊಂದು ದಿನ ಗೊತ್ತಿತ್ತು.

ತೊಟ್ಟಿಲ ಕಡೆ ನೋಡಿದಳು. ಇಪ್ಪತ್ತೆರಡು ಸಂದು, ಒಂದೊಂದು ಐದು ಪಾಯಿಂಟ್ ಎರಡು. ಒಳಗೆ ಕುಂಚಿಗೆ ಹೊದ್ದ ಕಲ್ಲು. ಕಲ್ಲಿನ ಪಕ್ಕ ಜಾಗ ಖಾಲಿ. ಖಾಲಿ ಬಿಟ್ಟರ ತಾನ ಹುಡುಕ್ತದ, ಎಂದಿದ್ದ ಮಲ್ಕಪ್ಪ. ಅದು ತನ್ನ ಮಗನೋ, ಮಗನ ಹಿಡಿತ ಕಲಿತುಕೊಂಡ ಬೇರೇನೋ? ಪರೀಕ್ಷಿಸುವ ಸಾಧನ ಯಾವ ಪ್ರಯೋಗಾಲಯದಲ್ಲೂ ಇರಲಿಲ್ಲ.

ಹಿಡಿತ ಬಿಗಿಯಾಯಿತು. ಅವಳು ಕೂಗಲಿಲ್ಲ. ಎದ್ದಳು. ನೆಲದ ಮೇಲಿನ ಮಗಳನ್ನು ಬಲ ತೋಳಿನಿಂದ ಎತ್ತಿ ಪಕ್ಕದ ಕೋಣೆಯಲ್ಲಿ ಮಲಗಿಸಿ, ಬಾಗಿಲನ್ನು ಹೊರಗಿನಿಂದ ಹಾಕಿ, ಚಿಲಕವನ್ನು ಎರಡು ಸಲ ಎಳೆದು ನೋಡಿದಳು. ಆಮೇಲೆ ತೊಟ್ಟಿಲಿನ ಪಕ್ಕ ಬಂದು ಕೂತು, ತಾನೇ ಬಿಗಿದಿದ್ದ ಗೂಟವನ್ನು ಬಲಗೈಯಿಂದ ಕಿತ್ತು, ಮೆಲ್ಲಗೆ ತೂಗತೊಡಗಿದಳು.